ನರ್ಸಮ್ಮನ ವಾಸಿಯಾಗದ ಬೆರಳು

ಐದೈದು ಬೆರಳಿನವರಿಗೆ ಇಂಥ ಪೇಚುಗಳು ಆಗುತ್ತವೋ ಇಲ್ಲವೋ ಗೊತ್ತಿಲ್ಲ, ನನಗಂತೂ ತಿಂಗಳಿಗೊಂದಾದರೂ ತಪ್ಪಿದ್ದಲ್ಲ. ನನ್ನ ಬಲಗೈಯ ಕಿರುಬೆರಳಿನ ಪಕ್ಕ ಹುಟ್ಟಿನಿಂದಲೇ ಇನ್ನೊಂದು ಬೆರಳಿದೆ. ಪುಟ್ಟದು, ಉಗುರೂ ಇದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ಉಳಿದ ಐದು ಹೋದಲ್ಲಿಗೆ ಸುಮ್ಮನೆ ಜೊತೆಗೆ ಹೋಗುತ್ತದೆ, ಅದನ್ನು ಯಾರೂ ಕರೆದಿರುವುದಿಲ್ಲ. ಎಷ್ಟೋ ಸಲ ಅದನ್ನು ನೋಡಿ ನನಗೆ ನನ್ನ ಪಾಡೇ ನೆನಪಾಗುತ್ತಿತ್ತು.

ಉಪ್ಪಿಟ್ಟು

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆ. ನಾನು ಹೆರಿಗೆ ಮಾಡಿಸುವ ತರಬೇತಿ ಮುಗಿಸಿದ ವರ್ಷ ಗಂಡಿನ ಕಡೆಯವರು ನೋಡಲು ಬಂದರು.

"ತಟ್ಟೆ ಕೊಡುವಾಗ ಬಲಗೈ ಮೇಲೆ ಸೆರಗು ಬಿದ್ದಿರ್ಲಿ ಕಣೇ," ಎಂದು ಅವ್ವ ನಾಲ್ಕು ಸಲ ಹೇಳಿದ್ದಳು. ನಾನು ಬಗ್ಗಿದ್ದೇ ತಡ, ಸೆರಗು ಉಪ್ಪಿಟ್ಟಿನೊಳಗೆ ಹೋಯಿತು, ಬೆರಳು ಹೊರಗೆ ಬಂತು.

ವಾರದ ನಂತರ ಕಾಗದ ಬಂತು. "ಹುಡುಗಿ ಒಪ್ಪಿಗೆ. ಮದುವೆಗೆ ಮೊದಲು ಹೆಚ್ಚಿನ ಬೆರಳನ್ನು ತೆಗೆಸತಕ್ಕದ್ದು."

ಅಪ್ಪ ಅವತ್ತೇ ಉತ್ತರ ಬರೆದರು. "ಹುಡುಗ ನಮಗೂ ಒಪ್ಪಿಗೆ. ಮದುವೆಗೆ ಮೊದಲು ಹೆಚ್ಚಿನ ಮೂಗನ್ನು ತೆಗೆಸತಕ್ಕದ್ದು."

ನಾನೂ ಅಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಒಂದು ವರ್ಷ ಕಳೆಯಿತು, ಎರಡಾಯಿತು, ಮತ್ತೆ ಯಾರೂ ನೋಡಲು ಬರಲಿಲ್ಲ. ಆ ಮೂಗು ಅಷ್ಟೇನೂ ದೊಡ್ಡದಿರಲಿಲ್ಲವೇನೋ ಎಂದು ನನಗೇ ಅನ್ನಿಸತೊಡಗಿತು.

ಪಟ್ಟಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನನ್ನು ಸರ್ಕಾರಿ ನರ್ಸಾಗಿ ಕೇರಳ ಗಡಿಯ ಕರಿಕೆ ಎಂಬ ಊರಿಗೆ ಹಾಕಿದರು. ಊರಲ್ಲಿ ಹೆರಿಗೆಗೆ ಹಳೆಯ ಸೂಲಗಿತ್ತಿ ಇದ್ದಳು, ನಾನು ಯಾರಿಗೂ ಬೇಕಾಗಿರಲಿಲ್ಲ. ನಾಲ್ಕು ತಿಂಗಳು ಒಬ್ಬರೂ ಕರೆಯಲಿಲ್ಲ. ಬೆಳಿಗ್ಗೆ ಎದ್ದು ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ಕೂರುವುದು, ಸಂಜೆ ಅದೇ ಸೀರೆಯನ್ನು ಮಡಚಿಡುವುದು, ಇಷ್ಟೇ ಉದ್ಯೋಗ. ಎಷ್ಟೋ ದಿನ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

ಅವ್ವನ ಮಾತಿನಂತೆ ಆರನೆಯ ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದೆ. ಕೇಳಿದವರಿಗೆ "ಕತ್ತಿ ತಾಗಿತು" ಎನ್ನುತ್ತಿದ್ದೆ.

ಒಂದು ದಿನ ಮೇಲಿನ ಮನೆಯ ಅಜ್ಜ ಬಾಗಿಲಿಗೆ ಬಂದರು. "ಎಂಥ ನರ್ಸಮ್ಮ, ನಾಲ್ಕು ತಿಂಗಳಾಯ್ತು, ನಿಮ್ಮ ಮದ್ದು ನಿಮಗೇ ಹಿಡಿಯುವುದಿಲ್ಲವಾ?"

ಕೈಯಲ್ಲಿ ಅರೆದ ಸೊಪ್ಪಿತ್ತು. ಗುಟ್ಟು ರಟ್ಟಾಯಿತು ಎಂದು ನಾನು ಬೆವರಿದೆ. ಅವರು ಮಾತ್ರ, "ಬಿಚ್ಚುವುದು ಬೇಡ, ಪಟ್ಟಿಯ ಮೇಲಿಂದಲೇ ಸಾಕು," ಎಂದು ಹಚ್ಚಿ, ಕೂತು ಕಾಫಿ ಕುಡಿದು, ಮಳೆ, ಮೆಣಸು, ಕಾಡುಹಂದಿಗಳ ಸುದ್ದಿ ಹೇಳಿ ಹೋದರು. ಮರುದಿನವೂ ಬಂದರು. ಎಂಟು ದಿನ ಬಂದರು. ಸೊಪ್ಪಿಗೆ ಬೆರಳು ಕೆಂಪಾಗಿ ಊದಿಕೊಂಡಿತು, ಆದರೂ ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಗಾಯವೇ ಇಲ್ಲದ ಬೆರಳಿಗೆ ಒಂಬತ್ತನೆಯ ದಿನದಿಂದ ನಿಜವಾಗಿಯೂ ಪಟ್ಟಿ ಬೇಕಾಯಿತು.

ಎಣಿಕೆ

ಕೊನೆಗೊಂದು ಮನೆಯಿಂದ ಕರೆ ಬಂತು. ಹೆರಿಗೆಗೆ ಕೈ ತೊಳೆಯಬೇಕು, ತೊಳೆಯಲು ಪಟ್ಟಿ ಬಿಚ್ಚಬೇಕು. ಬಿಚ್ಚಿದೆ. ತಾಯಿ, ಮಗು ಸುಖವಾಗಿದ್ದರು, ಆದರೆ ನನ್ನ ಬೆರಳಿನ ಸುದ್ದಿ ನನಗಿಂತ ಮೊದಲು ಊರು ಸುತ್ತಿ ಬಂತು. ನನ್ನ ಕೈ ನೋಡಿದ ಬಸುರಿಯ ಮಗುವಿಗೂ ಆರು ಬೆರಳಾಗುತ್ತದಂತೆ! ಬಸುರಿಯರು ನನ್ನನ್ನು ಕಂಡರೆ ಕಾಫಿ ಗಿಡದ ಮರೆಗೆ ಸರಿಯುತ್ತಿದ್ದರು. ಕಷ್ಟದ ಹೆರಿಗೆಯಾದರೆ ಬೇರೆ ದಾರಿಯಿಲ್ಲದೆ ಕರೆಯುತ್ತಿದ್ದರು. ಬೇರೆ ಊರಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಕರಿಕೆಯಲ್ಲಿ ಮೊದಲು ಕೇಳುತ್ತಿದ್ದದ್ದು, "ಎಷ್ಟುಂಟು?"

ಕೈಗವಸು

ಎಲ್ಲರಿಗಿಂತ ಹೆಚ್ಚು ಹೆದರಿದವರು ಮೇಲಿನ ಮನೆಯ ಅಜ್ಜಿ, ಸೊಪ್ಪಿನ ಅಜ್ಜನ ಹೆಂಡತಿ. ಮಗ ಮಿಲಿಟರಿಯಲ್ಲಿದ್ದ, ಸೊಸೆ ತುಂಬಿದ ಬಸುರಿ. ನಾನು ನೋಡಲು ಹೋದಾಗಲೆಲ್ಲ ಅಜ್ಜಿ ಬಾಗಿಲಲ್ಲೇ ತಡೆದು, ಮಗನ ಉಣ್ಣೆಯ ಕೈಗವಸು ಕೊಡುತ್ತಿದ್ದರು. "ಇದು ಹಾಕದೆ ಒಳಗೆ ಬರಬೇಡ." ಹಾಕಿಕೊಳ್ಳುತ್ತಿದ್ದೆ. ಕೈಗವಸಿನಲ್ಲಿ ಐದು ಬೆರಳಿಗಷ್ಟೇ ಜಾಗ, ಕಿರುಬೆರಳಿನ ಮನೆಯಲ್ಲಿ ಇಬ್ಬರು ಬಾಡಿಗೆದಾರರು.

ಒಂದು ಮಧ್ಯಾಹ್ನ ಸೊಸೆಗೆ ನೋವು ಶುರುವಾಯಿತು. ನಾನು ಕೈಗವಸು ಕಿತ್ತೆಸೆದು ಕೈ ತೊಳೆದೆ. ಸಂಜೆಯೊಳಗೆ ಗಂಡು ಮಗು. ಅತ್ತಿತು, ಮೈ ತುಂಬಿಕೊಂಡಿತ್ತು. ಬಲಗೈಯಲ್ಲಿ ಆರು ಬೆರಳು.

ಅಜ್ಜಿ ನೆಲದ ಮೇಲೆ ಕುಸಿದು ಕೂತರು. "ಕೈಗವಸು ಬಿಚ್ಚಬೇಡ ಅಂದೆನಲ್ಲಾ. ನಾಳೆ ಊರಿಗೆಲ್ಲ ಹೇಳುತ್ತೇನೆ, ನಿನ್ನನ್ನು ಇನ್ನು ಯಾವ ಮನೆಗೂ ಸೇರಿಸದ ಹಾಗೆ."

ಕರೆಯುವವರೇ ಕಡಿಮೆ, ಇದೂ ಹೋದರೆ ಮತ್ತೆ ಆ ಬಾಗಿಲು, ಆ ಇಸ್ತ್ರಿ ಸೀರೆ. ಒಬ್ಬಳೇ ಇನ್ನೆಷ್ಟು ದಿನ ಕೂರಲಿ ಎಂದು ದುಃಖ ಒತ್ತರಿಸಿ ಬಂತು.

ಅಜ್ಜ ಒಳಗೆ ಬಂದರು. ಮಗುವಿನ ಕೈ ಹಿಡಿದು ಬೆಳಕಿಗೆ ಒಡ್ಡಿ ನೋಡಿ, ಹೆಂಡತಿಯ ಕಡೆ ತಿರುಗಿದರು. "ನಿನ್ನದರ ಹಾಗೆಯೇ ಉಂಟಲ್ಲಾ."

ಅಜ್ಜಿಯ ಬಲಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು. "ನನ್ನದಾ? ನನ್ನದು ಎಂಥದ್ದು?"

"ಸಣ್ಣವಳಿರುವಾಗ ನಿನ್ನ ಅಪ್ಪ ಆ ಬೆರಳಿಗೆ ಕುದುರೆ ಕೂದಲು ಬಿಗಿದು ಕಟ್ಟಿ ಉದುರಿಸಿದ್ದು. ಕಲೆ ಉಂಟಲ್ಲ. ಮದುವೆಯಲ್ಲಿ ಕೈ ಹಿಡಿದವ ನಾನಲ್ಲವಾ?" ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಹೇಳಿದರು, "ನಿಮ್ಮದೂ ಗಾಯ ಅಲ್ಲ ಅಂತ ಗೊತ್ತಿತ್ತು ನರ್ಸಮ್ಮ. ಒಬ್ಬರೇ ಇರುತ್ತೀರಿ. ಬಂದು ಕೂರಲು ನನಗೊಂದು ನೆವ ಬೇಕಿತ್ತು."

ನಾನು ಮುಖ ತಿರುಗಿಸಿ ಬಿಸಿನೀರಿನ ಪಾತ್ರೆ ತೊಳೆಯುತ್ತಾ ನಿಂತೆ. ಆಗಲೇ ತೊಳೆದಾಗಿದ್ದ ಪಾತ್ರೆ ಅದು.

ಹೊರಡುವಾಗ ಅಜ್ಜಿ ಅಂಗಳದವರೆಗೆ ಬಂದರು. ಸೆರಗಿನಿಂದ ಕೈ ತೆಗೆದು ನನ್ನ ಕೈ ಹಿಡಿದರು. ಕರಿಕೆಗೆ ಬಂದಮೇಲೆ ಯಾರೂ ಹಾಗೆ ಹಿಡಿದಿರಲಿಲ್ಲ.

"ನೋಡು ಮಗಳೇ," ಎಂದರು, "ಈ ವಯಸ್ಸಿನಲ್ಲಿ ನನ್ನ ಮರ್ಯಾದೆ ಹೋಗಬಾರದು. ಊರಲ್ಲಿ ಕೇಳಿದರೆ ಮಗುವಿನ ಬೆರಳು ನಿನ್ನಿಂದಲೇ ಬಂತು ಅಂತ ಹೇಳುತ್ತೇನೆ. ಬೇಜಾರು ಮಾಡಬೇಡ. ಭಾನುವಾರ ಊಟಕ್ಕೆ ಬಾ."

ಭಾನುವಾರ ಹೋದೆ. ಅಷ್ಟರೊಳಗೆ ಅಜ್ಜ ಚಹಾದಂಗಡಿಯಲ್ಲಿ ಕೂತು, ಕುದುರೆ ಕೂದಲಿನಿಂದ ಹಿಡಿದು ಎಲ್ಲವನ್ನೂ ಊರಿಗೆ ಹೇಳಿ ಮುಗಿಸಿದ್ದರು. ದಾರಿಯಲ್ಲಿ ಒಬ್ಬಳು ಬಸುರಿ ಕಾಫಿ ಗಿಡದ ಮರೆಗೆ ಹೋಗದೆ ನಿಂತು, ಯಾವಾಗ ಬರುತ್ತೀರಿ ಎಂದು ಕೇಳಿದಳು.

ಮೇಲಿನ ಮನೆಯಲ್ಲಿ ಕಡುಬು, ಕೋಳಿಸಾರು ಗಮಗಮ ಎನ್ನುತ್ತಿದ್ದವು. ಎರಡು ಎಲೆ ಹಾಕಿದ್ದರು, ಒಂದು ನನಗೆ, ಒಂದು ಅಜ್ಜನಿಗೆ. ಅಜ್ಜಿ ಬಡಿಸಿದ್ದು ನನಗೆ ಮಾತ್ರ.