ಚೀಲ ಬಿಚ್ಚದ ಫಿಲ್ಟರ್ ಹಾಗೂ ದಾಖಲೆ ಕೊಠಡಿಯ ಒಂಟಿ ಕಿಟಕಿಯ ಬಗ್ಗೆ

ಸಂಖ್ಯೆ: ಆಡಳಿತ/ಗಾಳಿ/ಒಳಾಂಗಣ/17(ಬಿ)

ವಿಷಯ: ಗಾಳಿ ಶುದ್ಧೀಕರಣ ಯಂತ್ರದ ಬಳಕೆ, ಅದರ ಹಳೆಯ ಫಿಲ್ಟರ್ ಹೊಸದಾಗಿಯೇ ಉಳಿದಿರುವುದು ಹಾಗೂ ತತ್ಸಂಬಂಧಿತ ಉಸಿರಾಟದ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ ಗಾಳಿ/3 (ಎಲ್ಲ ಕಿಟಕಿಗಳಿಗೆ ಬೀಗ ಹಾಕುವ ಬಗ್ಗೆ).
2. ದಾಖಲೆ ಕೊಠಡಿಯ ಗುಮಾಸ್ತೆಯವರ ಮನವಿಗಳು, ನಾಲ್ಕು (ತಮ್ಮ ಕೊಠಡಿಯ ಕಿಟಕಿ ತೆರೆಯುವ ಬಗ್ಗೆ).
3. ಸದರಿಯವರ ಕೆಮ್ಮು (ನಿರಂತರ).

ಕಚೇರಿಯ ಸಮಸ್ತ ನೌಕರರ ಹಾಗೂ ಉಸಿರಾಡುವ ಅಭ್ಯಾಸವುಳ್ಳ ಸಾರ್ವಜನಿಕರ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ. ಕೆಳಗೆ ಸಹಿ ಮಾಡಿರುವವರನ್ನು ಇನ್ನು ಮುಂದೆ 'ಅಧೀಕ್ಷಕರು' ಎನ್ನಲಾಗುವುದು. ಬೇರೆ ಏನಾದರೂ ಅನ್ನುವವರು ಅದನ್ನು ಲಿಖಿತದಲ್ಲಿ ನೀಡತಕ್ಕದ್ದು.

1. ಹಿನ್ನೆಲೆ. ಮನುಷ್ಯನು ಮನೆಯೊಳಗೆ ಒಲೆ ಹಚ್ಚಿದ ದಿನದಿಂದಲೇ ಒಳಗಿನ ಗಾಳಿ ಕೆಟ್ಟಿರುತ್ತದೆ. ಹೊಗೆ ಹೋಗಲು ಛಾವಣಿಗೊಂದು ತೂತು, ಆಮೇಲೆ ಚಿಮಣಿ, ಕಿಟಕಿ ಬಂದವು. ಸುಮಾರು ನೂರೆಪ್ಪತ್ತು ವರ್ಷಗಳ ಹಿಂದೆ ಇದ್ದಿಲು ತುಂಬಿದ ಮುಖವಾಡ ಬಂದಿತು. ಮಹಾಯುದ್ಧದ ಕಾಲದಲ್ಲಿ ಪ್ರಯೋಗಾಲಯಗಳವರು ಕಣ್ಣಿಗೆ ಕಾಣದ ಧೂಳನ್ನು ಹಿಡಿಯಲು ಕಾಗದವನ್ನು ಮಡಿಕೆ ಮಡಿಕೆಯಾಗಿ ಜೋಡಿಸಿದರು. ಅದೇ ಮುಂದೆ ಮನೆಗಳ ಮೂಲೆ ಸೇರಿ ಯಂತ್ರವಾಯಿತು. ಈ ಕಚೇರಿಯಲ್ಲಿ ಸದರಿ ಇತಿಹಾಸವನ್ನು ಹನ್ನೊಂದೇ ವರ್ಷಗಳಲ್ಲಿ ಮುಗಿಸಲಾಗಿದೆ: ಮೊದಲು ಕಿಟಕಿ, ನಂತರ ಫ್ಯಾನಿಗೆ ಕಟ್ಟಿದ ಒದ್ದೆ ಬಟ್ಟೆ (ಬೆರಳಚ್ಚುಗಾರರ ತಲೆಯ ಮೇಲೆ ಬಿದ್ದುದರಿಂದ ಕೈಬಿಡಲಾಯಿತು), ನಂತರ ಕುಂಡದ ಗಿಡ (ಎಲ್ಲರೂ ಮಿಕ್ಕ ಚಹಾ ಸುರಿದುದರಿಂದ ಸೇವೆಯಲ್ಲಿರುವಾಗಲೇ ನಿಧನ), ಕೊನೆಗೆ ಯಂತ್ರ.

2. ಯಂತ್ರ ಮಂಜೂರಾದದ್ದು ದಾಖಲೆ ಕೊಠಡಿಗೆ, ಗುಮಾಸ್ತೆಯವರ ಕೆಮ್ಮಿನ ನಿಮಿತ್ತ. ಆದರೆ ಆ ಕೊಠಡಿಯಲ್ಲಿ ವಿಪರೀತ ಧೂಳಿದ್ದು, ಯಂತ್ರ ಕೊಳೆಯಾಗುವ ಸಂಭವವಿದ್ದುದರಿಂದ ಅದನ್ನು ಅಧೀಕ್ಷಕರ ಕೊಠಡಿಯಲ್ಲಿ ಇರಿಸಲಾಯಿತು. ಶುದ್ಧವಾದ ಗಾಳಿ ಸೋರಿಹೋಗದಂತೆ ಕಟ್ಟಡದ ಎಲ್ಲ ಕಿಟಕಿಗಳಿಗೆ ಬೀಗ ಜಡಿಯಲಾಯಿತು. ದಾಖಲೆ ಕೊಠಡಿಗೆ ಇರುವುದು ಒಂದೇ ಕಿಟಕಿ. ಅದಕ್ಕೂ ಜಡಿಯಲಾಯಿತು.

3. ಯಂತ್ರದ ಬಳಕೆಗೆ ಈ ನಿಯಮಗಳು ಜಾರಿಯಲ್ಲಿದ್ದವು:
(ಅ) ಯಂತ್ರದ ಮುಂದೆ ಸೇವಾ ಹಿರಿತನದ ಪ್ರಕಾರ ನಿಲ್ಲತಕ್ಕದ್ದು. ನಿವೃತ್ತಿ ಅಂಚಿನಲ್ಲಿರುವವರು ಎರಡು ಉಸಿರು ಹೆಚ್ಚುವರಿಯಾಗಿ ಪಡೆಯಬಹುದು.
(ಆ) ಸೀನು ಬರುವ ಲಕ್ಷಣ ಕಂಡವರು ಮುಂಚಿತವಾಗಿ ಅನುಮತಿ ಪಡೆದು ಮೆಟ್ಟಿಲ ಬಳಿ ಸೀನತಕ್ಕದ್ದು.
(ಇ) ಯಂತ್ರದ ದೀಪ ಕೆಂಪಾದರೆ, ಕೊನೆಗೆ ಒಳಬಂದವರು ತಮ್ಮ ವಾಸನೆಯ ಬಗ್ಗೆ ವಿವರಣೆ ನೀಡತಕ್ಕದ್ದು. ಅಧೀಕ್ಷಕರು ಒಳಬಂದಾಗಲೆಲ್ಲ ದೀಪ ಕೆಂಪಾದುದು ಕೇವಲ ಆಕಸ್ಮಿಕ. ಈ ಬಗ್ಗೆ ಚಹಾ ವೇಳೆಯಲ್ಲಿ ಚರ್ಚಿಸತಕ್ಕದ್ದಲ್ಲ.

4. ಹೀಗೆ ಮೂರು ವರ್ಷ ಯಂತ್ರ ಗುಂಯ್‌ಗುಟ್ಟಿತು. ಬೆಟ್ಟದ ತುದಿಯಲ್ಲಿ ಕೂತ ಹಾಗಿದೆ ಎಂದು ಪ್ರಥಮ ದರ್ಜೆ ಸಹಾಯಕರು ಲಿಖಿತವಾಗಿ ತಿಳಿಸಿದರು. ತಮ್ಮ ಮಧ್ಯಾಹ್ನದ ಏಕಾಗ್ರತೆ ಗಾಢವಾಗಿದೆ ಎಂದು ಅಧೀಕ್ಷಕರು ಮೇಲಧಿಕಾರಿಗಳಿಗೆ ವರದಿ ಮಾಡಿದರು. ಗೊರಕೆಯ ಬಗ್ಗೆ ವರದಿಯಲ್ಲಿ ಪ್ರಸ್ತಾಪವಿಲ್ಲ. ಗುಮಾಸ್ತೆಯವರ ನಾಲ್ಕೂ ಮನವಿಗಳ ಮೇಲೆ 'ಯಂತ್ರವಿದೆ, ಕಿಟಕಿ ಅನಗತ್ಯ' ಎಂದು ಷರಾ ಬರೆದು ಮುಕ್ತಾಯಗೊಳಿಸಲಾಯಿತು.

5. ಕಳೆದ ತಿಂಗಳು ಫಿಲ್ಟರ್ ಬದಲಾಯಿಸುವಂತೆ ಯಂತ್ರವೇ ಸೂಚನೆ ನೀಡಿತು. ತೆಗೆದ ಸಾಮಾನು ಏನೇ ಇದ್ದರೂ ಹತ್ತು ವರ್ಷ ದಾಖಲೆ ಕೊಠಡಿಯಲ್ಲಿ ಕಾಪಾಡುವುದು ಈ ಕಚೇರಿಯ ಪದ್ಧತಿ. ಅದರಂತೆ ಜವಾನರು ಹಳೆಯ ಫಿಲ್ಟರನ್ನು ಒಪ್ಪಿಸಲು ಹೋದಾಗ ಗುಮಾಸ್ತೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಸ್ವೀಕರಿಸಲು ನಿರಾಕರಿಸಿದರು. ಜವಾನರ ಹೇಳಿಕೆಯ ಪ್ರಕಾರ ಅವರು ನುಡಿದದ್ದು: "ಹಳೇದು ಅಂತ ಹೇಗಪ್ಪಾ ಬರ್ಕೊಳ್ಳಲಿ? ಇದರ ಪ್ಲಾಸ್ಟಿಕ್ ಚೀಲಾನೇ ಯಾರೂ ಬಿಚ್ಚಿಲ್ವಲ್ಲ!" ನಂತರ ಅವರು ನಕ್ಕರೆಂದೂ, ನಗು ಕೆಮ್ಮಾಗಿ ತಿರುಗಿ ಹತ್ತು ನಿಮಿಷ ನಿಲ್ಲಲಿಲ್ಲವೆಂದೂ, ನೀರು ಕೊಡಬೇಕಾಯಿತೆಂದೂ ಹೇಳಿಕೆಯಲ್ಲಿದೆ.

6. ತನಿಖೆ ನಡೆಸಲಾಗಿದೆ. ಹೊಸ ಸಾಮಾನಿನ ಹೊದಿಕೆ ತೆಗೆಯತಕ್ಕದ್ದಲ್ಲ ಎಂಬುದು ಅಧೀಕ್ಷಕರದೇ ಸ್ಥಾಯಿ ಆದೇಶ. ಅದರನ್ವಯ ಕಚೇರಿಯ ಕುರ್ಚಿಗಳು ಒಂಬತ್ತು ವರ್ಷಗಳಿಂದ ಪ್ಲಾಸ್ಟಿಕ್ಕಿನಲ್ಲಿಯೇ ಇದ್ದು, ಕೂತವರೆಲ್ಲ ಚರಪರ ಎನ್ನುತ್ತಿದ್ದಾರೆ. ಯಂತ್ರ ಬಂದ ದಿನ ಜವಾನರು ಫಿಲ್ಟರಿನ ಚೀಲ ಬಿಚ್ಚಲು ಹೊರಟಿದ್ದು, "ಏ, ಕೀಳಬೇಡ್ರೀ, ಹೊಸ ಸಾಮಾನು, ಕೊಳೆಯಾಗತ್ತೆ" ಎಂದು ಅಧೀಕ್ಷಕರು ತಡೆದಿದ್ದರು. 'ಬಳಸುವ ಮುನ್ನ ಚೀಲ ತೆಗೆಯಿರಿ' ಎಂದು ಚೀಲದ ಮೇಲೆಯೇ ಮುದ್ರಿಸಲಾಗಿತ್ತು. ಅದನ್ನು ಓದುವುದು ಯಾರ ಕರ್ತವ್ಯವೆಂದು ಹಂಚಿಕೆಯಾಗಿರಲಿಲ್ಲ.

7. ವಿಷಯವನ್ನು ಅಧೀಕ್ಷಕರು ಊಟದ ವೇಳೆ ತಮ್ಮ ತಾಯಿಯವರ ಮುಂದೆ ಮಂಡಿಸಿದ್ದು, "ಕಿಟಕಿ ತೆಗಿಯೋಕೂ ನಿಂಗೆ ಸುತ್ತೋಲೆ ಬೇಕೇನೋ? ಆ ಹೆಣ್ಣುಮಗಳು ಮೂರು ವರ್ಷದಿಂದ ಕೆಮ್ತಾ ಕೂತಿದ್ದಾಳಲ್ಲೋ!" ಎಂಬ ಅಭಿಪ್ರಾಯ ವ್ಯಕ್ತವಾಯಿತು. ಇದನ್ನು ಖಾಸಗಿ ಎಂದು ಪರಿಗಣಿಸಿ, ಕೂಡಲೇ ಈ ಸುತ್ತೋಲೆ ಹೊರಡಿಸಲಾಗಿದೆ.

8. ಆದ್ದರಿಂದ ಆದೇಶಿಸುವುದೇನೆಂದರೆ: ಮೂವರು ಸದಸ್ಯರ ಸಮಿತಿಯು ಒಂದು ಕತ್ತರಿಯ ನೆರವಿನಿಂದ ಸದರಿ ಫಿಲ್ಟರಿನ ಚೀಲ ತೆಗೆದು, ಫಿಲ್ಟರನ್ನು ಯಂತ್ರಕ್ಕೆ ಮರಳಿ ಹಾಕತಕ್ಕದ್ದು. ಕತ್ತರಿಯ ಹೊದಿಕೆಯನ್ನು ಮೊದಲು ತೆಗೆಯತಕ್ಕದ್ದು. ಯಂತ್ರವನ್ನು ಇಂದೇ ದಾಖಲೆ ಕೊಠಡಿಗೆ ಸಾಗಿಸತಕ್ಕದ್ದು. ಅಲ್ಲಿ ಅದು ಕೊಳೆಯಾದರೆ ಆಗಲಿ, ಕೊಳೆಯಾಗುವುದೇ ಅದರ ಕೆಲಸವೆಂದು ಈಗ ತಿಳಿದುಬಂದಿದೆ. ಆ ಕೊಠಡಿಯ ಕಿಟಕಿ ಇನ್ನು ಮುಂದೆ ತೆರೆದಿರತಕ್ಕದ್ದು. ಅದರಿಂದ ಒಳಬರುವ ಗಾಳಿಗೆ ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡುವುದರಿಂದ ವಿನಾಯಿತಿ ನೀಡಲಾಗಿದೆ.

9. ದಾಖಲೆ ಕೊಠಡಿ ಇರುವುದು ಅಧೀಕ್ಷಕರ ಗೋಡೆಯಾಚೆ. ಮೂರು ವರ್ಷವೂ ಆ ಕೆಮ್ಮು ಅವರ ಕಿವಿಗೆ ಬೀಳುತ್ತಿತ್ತು. ಯಂತ್ರದ ಸದ್ದನ್ನು ಒಂದು ಹಂತ ಹೆಚ್ಚಿಸಿಕೊಂಡು ಅವರು ಕಡತ ನೋಡುತ್ತಿದ್ದರು. ಈ ಬಗ್ಗೆ ಅವರಿಗೆ ನಾಚಿಕೆಯಾಗಿದೆ ಎಂಬುದನ್ನು ಈ ಮೂಲಕ ದಾಖಲಿಸಲಾಗಿದೆ. ಸದರಿ ನಾಚಿಕೆಯನ್ನು ಹತ್ತು ವರ್ಷ ಕಾಪಾಡತಕ್ಕದ್ದು.

ಸಹಿ/-
ಅಧೀಕ್ಷಕರು
(ಹೊದಿಕೆ ತೆಗೆದ ಕುರ್ಚಿಯಿಂದ)

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಮಾಹಿತಿಗಾಗಿ (ಕಂಡಿಕೆ 4ರ ಏಕಾಗ್ರತೆಯನ್ನು ಹೊರತುಪಡಿಸಿ).
2. ಸೂಚನಾ ಫಲಕಕ್ಕೆ.
3. ಯಂತ್ರದ ಬೆನ್ನಿಗೆ, ಅಂಟಿಸುವ ಸಲುವಾಗಿ.
4. ಅಧೀಕ್ಷಕರ ತಾಯಿಯವರಿಗೆ, ಕೇಳಿದ ಪ್ರಶ್ನೆಗೆ ಉತ್ತರವಾಗಿ.
5. ದಾಖಲೆ ಕೊಠಡಿಯ ಗುಮಾಸ್ತೆಯವರಿಗೆ, ಕಿಟಕಿಯ ಬೀಗದ ಕೈ ಸಹಿತ. ಬೀಗದ ಕೈಯನ್ನು ಹಿಂದಿರುಗಿಸಬೇಕಾಗಿಲ್ಲ.