ಮೂರು ಸ್ಕ್ಯಾನರುಗಳಿಗೆ ಒಂದು ಪರೀಕ್ಷೆ

ಮೇಷ್ಟ್ರ ಕೆಲಸದಲ್ಲಿ ಗಂಟಲು ಕೆಡುತ್ತದೆ, ಕೂದಲು ಉದುರುತ್ತದೆ ಎಂದೆಲ್ಲ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾಯಿಲೆಯೊಂದಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಏನನ್ನು ಕಂಡರೂ ಪರೀಕ್ಷೆ ಇಟ್ಟು ಅಂಕ ಕೊಡಬೇಕು ಎನಿಸುವುದು. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ನಾನು ಮನೆಯ ಉಪ್ಪಿಟ್ಟಿಗೂ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಮನಸ್ಸಿನಲ್ಲೇ ಯಾಕೆಂದರೆ, ಒಮ್ಮೆ ಬಾಯಿ ಬಿಟ್ಟು ಹೇಳಿ ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ಹೋಗಬೇಕಾಗಿ ಬಂದಿತ್ತು.

ನನ್ನ ಬಳಿ ಒಂದು ಹಳೆಯ ಫಾರಿನ್ ಜೀಪಿದೆ. ಚರ್ಮದ ಸೀಟು, ಮರದ ಅಲಂಕಾರ, ಸ್ಪ್ರಿಂಗಿನ ಬದಲು ನಾಲ್ಕು ಚಕ್ರಕ್ಕೂ ಗಾಳಿಯ ಚೀಲ. ಬೆಟ್ಟಗುಡ್ಡ ಹತ್ತುವ ಶ್ರೀಮಂತರಿಗೆಂದು ಮಾಡಿದ ಗಾಡಿ ಅದು. ಶ್ರೀಮಂತರು ಅದನ್ನು ಸಾಕೆಂದು ಬಿಟ್ಟ ಮೇಲೆ ಕೈಯಿಂದ ಕೈಗೆ ಬಂದು ನನ್ನ ಪಾಲಾಯಿತು. ಈಗ ಅದು ಹತ್ತುವುದು ನಮ್ಮ ಬೀದಿಯ ಹಂಪುಗಳನ್ನು ಮಾತ್ರ. ಆದರೂ ಅದರ ಮೇಲೆ ನನಗೆ ಅಪಾರ ಪ್ರೀತಿ. ಈಚೆಗೆ ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಗಾಡಿ ಓಡುತ್ತಿತ್ತು, ದೀಪ ಮಾತ್ರ ಆರುತ್ತಿರಲಿಲ್ಲ. ಹಾಸನದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಭಕ್ತಿಯಿಂದ ಮುಚ್ಚಿದ. "ಇದ್ಕೆ ಸ್ಕ್ಯಾನರ್ ಹಾಕ್ದೆ ಏನೂ ಹೇಳಕ್ಕಾಗಲ್ಲ ಸಾ" ಎಂದ.

ಇದೇ ಹೊತ್ತಿಗೆ ನನ್ನ ಹೆಂಡತಿಯ ತಂಗಿಯ ಮಗಳು ಕಾವ್ಯಳ ನಿಶ್ಚಿತಾರ್ಥ ಗೊತ್ತಾಯಿತು, ಹೊಳೆನರಸೀಪುರದ ಛತ್ರದಲ್ಲಿ, ಭಾನುವಾರ. ಬಾಗೂರಿನ ನಮ್ಮ ಮಾವನವರು ಯಾರನ್ನೂ ಕೇಳದೆ, "ಎಣ್ಣು ನಮ್ಮ ಅಳಿಯಂದ್ರ ಫಾರಿನ್ ಗಾಡೀಲೇ ಬತ್ತದೆ" ಎಂದು ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದರು. ಗಾಡಿ ಕೈಕೊಟ್ಟರೆ ಹೋಗುವುದು ನನ್ನ ಮಾನವಲ್ಲ, ಮಾವನವರದು. ಅದು ಹೋದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ.

ಹಾಸನದ ಸ್ಪೇರ್ಸ್ ಅಂಗಡಿಯ ಇಮ್ತಿಯಾಜ್, ಗಾಡಿಗೆ ಚುಚ್ಚಿದರೆ ಎಲ್ಲಿ ಕೆಟ್ಟಿದೆ ಎಂದು ಹೇಳುವ ಮೂರು ಸ್ಕ್ಯಾನರುಗಳನ್ನು ಮುಂದಿಟ್ಟ. ಮೊದಲನೆಯದು ಹೆಬ್ಬೆರಳಿನಷ್ಟಿದ್ದು, ಮೊಬೈಲಿನ ಜೊತೆ ಮಾತಾಡುವಂಥದು. ಎರಡನೆಯದು ದೊಡ್ಡ ಬಣ್ಣದ ಪರದೆಯದು, ಜಗತ್ತಿನ ಎಲ್ಲ ಗಾಡಿಗೂ ಆಗುವಂಥದು. ಮೂರನೆಯದು ದಪ್ಪ ವಯರಿನ ಮಂಕು ಪೆಟ್ಟಿಗೆ, ನನ್ನ ಗಾಡಿಯ ಜಾತಿಗೆ ಮಾತ್ರ. "ಮೂರೂ ತಗಂಡೋಗಿ ನೋಡಿ ಸಾ. ಒಂದು ಇಟ್ಕಂಡು ಎರಡು ವಾಪಸ್ ತನ್ನಿ" ಎಂದ. ನೋಡಿ ಎಂದರೆ ಉಳಿದವರು ನೋಡುತ್ತಾರೆ. ನಾನು ಪರೀಕ್ಷೆ ಇಟ್ಟೆ.

ಶುಕ್ರವಾರ ಸಂಜೆ ಬಾನೆಟ್ಟಿನೊಳಗೆ ಕೈ ಹಾಕಿ ಸೆನ್ಸರುಗಳ ವಯರಿನ ಎರಡು ಪ್ಲಗ್ಗುಗಳನ್ನು ಬೇಕೆಂದೇ ಕಿತ್ತೆ. ಅದೇ ಪ್ರಶ್ನೆಪತ್ರಿಕೆ. ಕೀಳುವಾಗ ಸ್ಕ್ಯಾನರುಗಳಿಗೆ ಬೆನ್ನು ತಿರುಗಿಸಿ ನಿಂತಿದ್ದೆ ಎಂದರೆ ನನ್ನ ಪ್ರಾಮಾಣಿಕತೆ ನಿಮಗೆ ಅರ್ಥವಾಗಬೇಕು. ಗಾಡಿ ವಿಚಾರಿಸಿಕೊಂಡು ಹೋಗಲು ಬಂದಿದ್ದ ಮಾವನವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಹೆಬ್ಬೆರಳು ಒಂದು ಪ್ರಶ್ನೆಗೆ ಉತ್ತರಿಸಿ ಸುಮ್ಮನಾಯಿತು, ಫೇಲು. ಬಣ್ಣದ ಪರದೆ ಎರಡನ್ನೂ ಚಿತ್ರಸಮೇತ ತೋರಿಸಿತು. ನನ್ನ ಕಣ್ಣು ತುಂಬಿ ಬಂತು. ನೂರಕ್ಕೆ ನೂರು. ಮಂಕು ಪೆಟ್ಟಿಗೆ ಎರಡನ್ನೂ ಹೇಳಿ, ಹಿಂದಿನ ಎಡ ಚಕ್ರದ ಎತ್ತರ ಅಳೆಯುವ ಸೆನ್ಸರಿನಿಂದ ಸುದ್ದಿಯೇ ಇಲ್ಲವೆಂದು ಮೂರನೆಯದೊಂದನ್ನೂ ಸೇರಿಸಿತು. ನಾನು ಆ ಪ್ರಶ್ನೆಯನ್ನೇ ಕೊಟ್ಟಿರಲಿಲ್ಲ. ಇಲ್ಲದ ಪ್ರಶ್ನೆಗೆ ಉತ್ತರ ಬರೆದು ಪುಟ ತುಂಬಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಂಕ ಕಳೆದೆ.

"ಅದು ಎಚ್ಗೇನೇ ಬರ್ದದಲ್ಲ, ಒಂದೆಲ್ಡು ಮಾರ್ಕ್ಸ್ ಸೇರ್ಸಿ ಕೊಡಿ ಅಳಿಯಂದ್ರೇ" ಎಂದರು ಮಾವ.

"ಗ್ರೇಸ್ ಮಾರ್ಕ್ಸ್ ಕೊಡೋ ಪದ್ಧತಿ ನನ್ನಲ್ಲಿಲ್ಲ ಮಾವ" ಎಂದೆ.

ಕಾಫಿ ತಂದ ಹೆಂಡತಿ ಸಾವಿತ್ರಿ, "ಆ ಹಳದಿ ದೀಪ ಆರ್ತೇನ್ರೀ?" ಎಂದು ಕೇಳಿದಳು. "ಅದು ಬೇರೆ ವಿಷಯ ಕಣೇ, ಮೊದಲು ಫಲಿತಾಂಶ ಮುಗೀಲಿ" ಎಂದೆ. ಕಿತ್ತ ಪ್ಲಗ್ಗುಗಳನ್ನು ಸಿಕ್ಕಿಸಿದೆ. ಶನಿವಾರ ಬಣ್ಣದ ಪರದೆಯನ್ನು ಉಳಿಸಿಕೊಂಡು ಉಳಿದೆರಡನ್ನು ಹಿಂತಿರುಗಿಸಿ ಬಂದೆ. ಅದನ್ನು ಚುಚ್ಚಿ ನೋಡಿದರೆ ಈಗ ಎಲ್ಲ ಸರಿಯಿದೆ ಎಂದು ಹಸಿರು ತೋರಿಸಿತು. ಪಕ್ಕದಲ್ಲೇ ಹಳದಿ ದೀಪ ಉರಿಯುತ್ತಿತ್ತು. ರ‍್ಯಾಂಕ್ ಬಂದವನ ಮಾತನ್ನು ನಂಬದೆ ದೀಪದ ಮಾತನ್ನು ನಂಬುವುದುಂಟೇ?

ಭಾನುವಾರ ಬಾಗೂರಿನಿಂದ ಕಾವ್ಯಳನ್ನೂ ಮನೆಯ ಹೆಂಗಸರನ್ನೂ ಮಾವನವರನ್ನೂ ಕೂರಿಸಿಕೊಂಡು ಹೊರಟೆವು. ಹೊಳೆನರಸೀಪುರ ಇನ್ನೇನು ಬಂತು ಎನ್ನುವಾಗ ಗಾಡಿಯ ಹಿಂದಿನ ಎಡಭಾಗ ಉಸ್ಸೆಂದು ಕುಸಿಯತೊಡಗಿತು. ಪೆಟ್ಟಿಗೆ ಹೇಳಿದ್ದ ಅದೇ ಚಕ್ರ. ನಾನು ಅಂಕ ಕಳೆದಿದ್ದ ಆ ಉತ್ತರವೇ ದೀಪದ ಕಾರಣ ಎಂಬುದು ಆಗ ಹೊಳೆಯಿತು. "ಎಲ್ಲಾ ಬಲಕ್ಕೆ ಜರುಗ್ರವ್ವಾ" ಎಂದು ಮಾವ ಕೂಗಿದರು. ರೇಷ್ಮೆ ಸೀರೆಗಳೆಲ್ಲ ಒಂದೇ ಕಡೆ ರಾಶಿಯಾದವು. ಕಾವ್ಯಳಂತೂ ನಕ್ಕೂ ನಕ್ಕೂ ಕಣ್ಣಕಾಡಿಗೆ ಕೆಡಿಸಿಕೊಂಡಳು. ನಾನು ಬೆವರುತ್ತ, ಆಮೆಯ ವೇಗದಲ್ಲಿ, ವಾಲಿದ ಗಾಡಿಯನ್ನು ಛತ್ರದ ಬಾಗಿಲಿಗೆ ತಂದು ನಿಲ್ಲಿಸಿದೆ.

ಎತ್ತರದ ಆ ಗಾಡಿಯಿಂದ ಸೀರೆ ಉಟ್ಟವರು ಇಳಿಯಬೇಕಾದರೆ ಯಾವಾಗಲೂ ಇಬ್ಬರು ಕೈ ಹಿಡಿಯಬೇಕು. ಅಂದು ಕಾವ್ಯ ಎಡ ಬಾಗಿಲು ತೆಗೆದು ನೆಲಕ್ಕೆ ಸಲೀಸಾಗಿ ಕಾಲಿಟ್ಟಳು. ಆರತಿ ತಟ್ಟೆ ಹಿಡಿದಿದ್ದ ಗಂಡಿನ ಸೋದರತ್ತೆ ಕಣ್ಣರಳಿಸಿ, "ನೋಡ್ರವ್ವಾ, ಎಣ್ಣು ಇಳೀಲಿ ಅಂತ ಗಾಡಿನೇ ಬಗ್ತದೆ" ಎಂದರು. ಮಾವನವರು ಮೀಸೆಯ ಮೇಲೆ ಕೈಯಾಡಿಸಿ, "ಫಾರಿನ್ ಗಾಡಿ ಅಂದ್ರೆ ಅಂಗೇಯ" ಎಂದರು. ನಾನು ಯಾವುದೋ ಸ್ವಿಚ್ಚನ್ನು ಒತ್ತಿದವನಂತೆ ಗಂಭೀರವಾಗಿ ಕೂತಿದ್ದೆ. ಅಷ್ಟು ಖುಷಿ ನನಗೆ ನನ್ನ ನಿಶ್ಚಿತಾರ್ಥದ ದಿನವೂ ಆಗಿರಲಿಲ್ಲ.

ಸೋಮವಾರ ಹಾಸನಕ್ಕೆ ಓಡಿ, ಬಣ್ಣದ ಪರದೆ ಕೊಟ್ಟು ಮಂಕು ಪೆಟ್ಟಿಗೆ ತಂದೆ. ಅದು ಬೇಸರವಿಲ್ಲದೆ ಅದೇ ಉತ್ತರವನ್ನು ಮತ್ತೆ ಹೇಳಿತು. ಚಕ್ರದ ಬಳಿ ಸಡಿಲಾಗಿದ್ದ ಪ್ಲಗ್ ಒತ್ತಿದೆ, ದೀಪ ಆರಿತು, ಗಾಡಿ ಸಮನಾಗಿ ಎದ್ದು ನಿಂತಿತು. ಆ ಸಂಜೆಯೇ ಮಾವನವರ ಫೋನು. "ಅಳಿಯಂದ್ರೇ, ಮದ್ವೆ ದಿನಾನೂ ಗಾಡಿ ಅಂಗೇ ಬಗ್ಗಬೇಕು ಅಂತವ್ರೆ ಬೀಗ್ರು. ನಾನು ಊಂ ಅಂದ್ಬುಟ್ಟಿವ್ನಿ."

ಚಕ್ರಗಳನ್ನು ಬೇಕೆಂದಾಗ ಏರಿಸಿ ಇಳಿಸುವ ವಿದ್ಯೆ ಆ ಪೆಟ್ಟಿಗೆಯಲ್ಲೇ ಇದೆ, ನನಗೆ ಬರಬೇಕು ಅಷ್ಟೆ. ದಿನವೂ ಸಂಜೆ ಅಭ್ಯಾಸ ಮಾಡುತ್ತಿದ್ದೇನೆ. ಹಿಂದಿನ ಎಡ ಚಕ್ರ ಇಳಿಸಲು ಹೋದರೆ ಮುಂದಿನ ಬಲ ಚಕ್ರ ಏರುತ್ತದೆ. ಅಳಿಯನ ಓದು ಎಲ್ಲಿಗೆ ಬಂತೆಂದು ನೋಡಲು ನಿನ್ನೆ ಮಾವನವರೇ ಬಂದು ಜಗಲಿಯ ಮೇಲೆ ಕೂತರು. ಕೊನೆಗೆ ಎಲೆ ಮಡಿಸುತ್ತ, "ಮೂವತ್ನಾಕು" ಎಂದರು.

"ಇನ್ನೊಂದು ಕೊಟ್ಟರೆ ಪಾಸಾಗ್ತೀನಲ್ಲ ಮಾವ" ಎಂದೆ.

"ಆ ಪದ್ಧತಿ ಈ ಮನೇಲಿಲ್ವಂತಲ್ಲ ಅಳಿಯಂದ್ರೇ" ಎಂದು ಮಾವನವರು ಎಲೆಯನ್ನು ಬಾಯಿಗೆ ಹಾಕಿಕೊಂಡರು.