ಅತ್ತೆಯ ಮಣಿಕಟ್ಟು ಮತ್ತು ಊರ ದೃಷ್ಟಿ

ನಮ್ಮ ಸೋದರತ್ತೆಯ ಕಣ್ಣೆದುರು ಚೆನ್ನಾಗಿ ಕಾಣಿಸಿಕೊಳ್ಳುವುದು ಬಹಳ ಅಪಾಯ! ಹೊಸ ಸೀರೆ ಉಟ್ಟು, ತಲೆ ಬಾಚಿಕೊಂಡು ಅವರ ಮನೆಗೆ ಹೋದಿರೋ, ಮುಗಿಯಿತು. ನೀವು ಚಪ್ಪಲಿ ಬಿಡುವುದರೊಳಗೆ ಅವರ ಎರಡೂ ಅಂಗೈ ನಿಮ್ಮ ಹಣೆಯಿಂದ ಗಲ್ಲದವರೆಗೆ ಇಳಿದಿರುತ್ತವೆ. ಮರುಕ್ಷಣ ಆ ಕೈಗಳು ಮಣಿಕಟ್ಟಿನಲ್ಲಿ ಮಡಚಿ, ಬೆರಳುಗಳ ಬೆನ್ನು ಕಣ್ಣಿನ ಪಕ್ಕದ ಅವರ ಕಣತಲೆಗೇ ಒತ್ತಿ, ಪಟಪಟನೆ ನೆಟಿಗೆ ಮುರಿದಿರುತ್ತವೆ. ನೆಟಿಗೆಯ ಸಪ್ಪಳ ಜೋರಾದಷ್ಟೂ ನಿಮಗೆ ತಗುಲಿದ ದೃಷ್ಟಿ ದೊಡ್ಡದು ಎಂದು ಲೆಕ್ಕ.

ದೃಷ್ಟಿ ತೆಗೆಯುವ ಪದ್ಧತಿ ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ಉಳಿದವರು ಕೂಸುಗಳಿಗೆ, ಮದುಮಕ್ಕಳಿಗೆ ತೆಗೆದು ಸುಮ್ಮನಾಗುತ್ತಾರೆ. ಅತ್ತೆ ಹಾಗಲ್ಲ. ಖಾನಾಪುರ ತಾಲೂಕಿನಲ್ಲಿ ಚೆಂದ ಇರುವ ಪ್ರತಿಯೊಂದು ವಸ್ತುವೂ ಅವರ ಹೊಣೆ. ಬೀಡಿ ಎಂಬ ಊರಿಗೆ ಹೋಗುವ ದಾರಿಗೆ ಹೊಸ ಕೆಂಪು ಬಸ್ಸು ಬಂದಾಗ ಅದರ ಮೂತಿ ಸವರಿ ನೆಟಿಗೆ ಮುರಿದರು. ಬೆದರಿದ ಡ್ರೈವರು ಹಾರ್ನ್ ಬಾರಿಸಿದ. "ನೋಡು, ಅದಕ್ಕ ತಿಳೀತು!" ಎಂದರು. ರೇಡಿಯೋದಲ್ಲಿ ಯಾರೋ ವಚನವನ್ನು ಸೊಗಸಾಗಿ ಹಾಡಿದರೆಂದು ರೇಡಿಯೋದ ಕೆನ್ನೆ ಸವರಿದರು. ರೇಡಿಯೋಗೆ ಕೆನ್ನೆ ಎಲ್ಲಿದೆ ಎಂದು ಕೇಳಬೇಡಿ. ಅತ್ತೆಗೆ ಗೊತ್ತಿತ್ತು.

ಅವರ ಕೈಗೆ ಸಿಗದೆ ಉಳಿದವಳು ನಾನೊಬ್ಬಳೇ. ಯಾರಾದರೂ ಮುಖ ಮುಟ್ಟಿದರೆ ನನಗೆ ಮೊದಲಿನಿಂದಲೂ ಸಂಕೋಚ. ಅವರ ಕೈ ಏಳುವ ಮೊದಲೇ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ.

"ಧಾರವಾಡದಾಗ ಎಮ್ಮೆಸ್ಸಿ ಓದಿ ಓದಿ ಈಕಿ ಬೆಕ್ಕಾಗ್ಯಾಳ ನೋಡ್ರಿ. ಮುಟ್ಟಾಕ ಹೋದ್ರ ಜಿಗೀತಾಳ!" ಎಂದು ಅತ್ತೆ ನಮ್ಮಪ್ಪನ ಮುಂದೆ ದೂರು ಹೇಳುತ್ತಿದ್ದರು.

ಇಂಥ ಕೈಗೇ ಸಂಧಿವಾತ ಬರಬೇಕೇ? ಮೊದಲು ಬಲ ಮಣಿಕಟ್ಟು ಬಾತುಕೊಂಡಿತು. ಆಮೇಲೆ ಒಳಗಿನ ಸಣ್ಣ ಎಲುಬುಗಳು ಸವೆದು, ಕೈ ಒಂದು ಕಡೆಗೆ ವಾಲಿತು. ಬೆಳಿಗ್ಗೆ ಎದ್ದರೆ ಬೆರಳು ಬಿಚ್ಚುವುದೇ ಒಂದು ಕೆಲಸ. ಚಹಾದ ಬಟ್ಟಲನ್ನು ಎರಡೂ ಅಂಗೈಯಲ್ಲಿ ಅವಚಿ ಹಿಡಿಯಬೇಕು. ಮಣಿಕಟ್ಟನ್ನು ಮಡಚುವುದಂತೂ ದೂರದ ಮಾತು, ಗಾಳಿ ತಾಗಿದರೂ ನೋವು.

ಅತ್ತೆ ಸೋಲೊಪ್ಪಿದರೇ? ಎಲ್ಲಿಯ ಮಾತು! ಕೈ ನಡೆಯದಿದ್ದರೇನು, ಬಾಯಿ ಇದೆಯಲ್ಲ! ವಾಲಿದ ಕೈಯನ್ನು ಚೂರು ಎತ್ತಿ, ನೆಟಿಗೆಯ ಸಪ್ಪಳವನ್ನು ನಾಲಗೆಯಿಂದಲೇ "ಟಕ್ ಟಕ್" ಎಂದು ಮಾಡತೊಡಗಿದರು. ಒಮ್ಮೆ ಹಿಂಡಲಗಾ ಕಡೆ ಹೋಗುವ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿಗೆ ಜೈಲಿನ ಪಹರೆಯವನೊಬ್ಬ ಬಂದು ಕುಳಿತ. ಅವನ ಮೀಸೆಯೋ, ಎರಡು ಕಿವಿಗಳ ನಡುವೆ ಕಟ್ಟಿದ ತೋರಣ! ಅತ್ತೆಗೆ ತಡೆಯಲಾಗಲಿಲ್ಲ. ಹಿಂದಿನಿಂದ "ಟಕ್ ಟಕ್ ಟಕ್" ಎಂದರು. ಅವನು ಸಾವಕಾಶ ತಿರುಗಿದ.

"ಯಾಕ್ರಿ ಬಾಯಾರ, ಟಕ್ ಟಕ್ ಅಂತ ಹೊಡ್ಕೊಂಡ ಹೋಗಾಕ ನಾ ಏನ್ ಎತ್ತೇನ್ರಿ?"

"ಎತ್ತಲ್ಲೋ ಯಪ್ಪಾ, ನಿನ್ನ ಮೀಸಿ ದೃಷ್ಟಿ ತಗದ್ನಿ!"

ಅವನು ಆ ಮೀಸೆಯ ಅಡಿಯಲ್ಲೇ ನಾಚಿಕೊಂಡು, ಇಳಿಯುವಾಗ ನಮಸ್ಕಾರ ಮಾಡಿ ಹೋದ. ನಾನು ಮಾತ್ರ ಕಿಟಕಿಯಾಚೆ ಮುಖ ತಿರುಗಿಸಿ, ಇವರು ಯಾರೋ ನನಗೆ ಗೊತ್ತಿಲ್ಲವೆಂಬಂತೆ ಕುಳಿತಿದ್ದೆ.

ನೋವು ಹೆಚ್ಚಾದಾಗ ಅತ್ತೆಯ ಗಂಡ, ನಮ್ಮ ಮಾವ, ಅವರನ್ನು ಬೆಳಗಾವಿಗೆ, ವಡಗಾವಿಯ ನೇಕಾರರ ಓಣಿಯಲ್ಲಿದ್ದ ನಮ್ಮ ಮನೆಗೆ ಕರೆತಂದರು. ಮಾವ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಮಿತ ಮಾತು, ಅಮಿತ ರೊಟ್ಟಿ. ಎಲುಬಿನ ಡಾಕ್ಟರ ಹತ್ತಿರ ನಾನೂ ಹೋದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವರು ಹೇಳಿದರು:

"ಎರಡು ದಾರಿ ಅದಾವ ನೋಡ್ರಿ. ಒಂದು, ಕೀಲು ಕಾಯಂ ಬಿಗಿದುಬಿಡೋದು. ನೋವು ಹೋಗ್ತದ, ಕೈ ಗಟ್ಟಿ ಆಗ್ತದ, ರೊಟ್ಟಿ ಬಡಿಯಾಕೂ ಬರ್ತದ. ಆದ್ರ..."

"ಅದನ್ನ ಮಾಡ್ರಿ!" ಎಂದರು ಮಾವ.

"ಪೂರ್ತಿ ಕೇಳ್ರಿ. ಬಿಗಿದ ಕೀಲು ಮುಂದ ಎಂದೂ ಬಗ್ಗೂದಿಲ್ಲ. ಎರಡನೇದು ಹೊಸ ಪದ್ಧತಿ. ಸವೆದ ಎಲುಬು ತಗದು ರಬ್ಬರ್‌ನಂಥಾ ಸಿಲಿಕೋನ್ ಕೀಲು ಹಾಕೋದು. ನೋವು ಕಡಿಮಿ ಆಗ್ತದ, ಒಂದೀಟು ಬಗ್ತದ. ಆದ್ರ ನಾಜೂಕು. ರೊಟ್ಟಿ ಬಡಿಯೋ ಹಂಗಿಲ್ಲ, ಕೊಡಾ ಎತ್ತೋ ಹಂಗಿಲ್ಲ. ಮುಂದ ಕೆಟ್ರ ಮತ್ತ ಬಿಚ್ಚಬೇಕಾದೀತು."

"ನನಗ ಬಗ್ಗೂದ ಹಾಕ್ರಿ," ಎಂದರು ಅತ್ತೆ.

"ಏ, ಗಟ್ಟಿ ಕೈ ಬಿಟ್ಟು ರಬ್ಬರ್ ಕೈ ತಗೊಂಡು ಏನ್ ಮಾಡ್ತೀ?"

"ಕೈ ನಂದೋ, ನಿಮ್ದೋ?"

"ಕೈ ನಿಂದು. ಹೊಟ್ಟಿ ನಂದು!"

ಬಗ್ಗಲೇಬೇಕೆಂಬ ಹಟ ಯಾಕೆ ಎಂದು ಡಾಕ್ಟರು ಕೇಳಿದರು. ಅತ್ತೆ ಎದ್ದು, ಎಡಗೈಯಿಂದ ಅವರ ಮುಖವನ್ನೇ ಸವರಿ, ಆ ಕೈಯನ್ನು ತಮ್ಮ ಕಣತಲೆಗೆ ಒತ್ತಿ ತೋರಿಸಿದರು. ಡಾಕ್ಟರ ಕನ್ನಡಕ ಓರೆಯಾಯಿತು.

"ಒಂದ ಕೈಲೆ ತಗದ್ರ ಅರ್ಧಾ ದೃಷ್ಟಿ ಹಂಗ ಉಳೀತದ್ರಿ ಸಾಹೇಬ್ರ. ಅರ್ಧಾ ತಗೀದಕಿಂತ ಸುಮ್ನ ಬಿಡೂದು ಛಲೋ."

ಆಮೇಲೆ ನಡೆದದ್ದು ಚೌಕಾಶಿ. ಕೀಲು ಎಷ್ಟು ಬಗ್ಗುತ್ತದೆಂದು ಡಾಕ್ಟರು ಪೆನ್ಸಿಲನ್ನು ಓರೆಯಾಗಿ ಹಿಡಿದು ತೋರಿಸಿದರು. ಅತ್ತೆ ಎಡಗೈ ಬೆರಳಿನಿಂದ ಪೆನ್ಸಿಲನ್ನು ಇನ್ನಷ್ಟು ಕೆಳಗೆ ಬಗ್ಗಿಸಿದರು. ಡಾಕ್ಟರು ಮೇಲೆತ್ತಿದರು. ಅತ್ತೆ ಮತ್ತೆ ಒತ್ತಿದರು. ಸಂತೆಯಲ್ಲಿ ಬದನೆಕಾಯಿಗೂ ಇಷ್ಟು ಚೌಕಾಶಿ ನಡೆಯುವುದಿಲ್ಲ!

"ಅಷ್ಟು ಆಗೂದಿಲ್ರಿ ಅವ್ವಾರ. ಕೈ ಕಣತಲಿತನಕ ಮುಟ್ಟೂದು ಖಾತ್ರಿ ಇಲ್ಲ."

ಅತ್ತೆ ಒಂದು ಗಳಿಗೆ ಪೆನ್ಸಿಲನ್ನೇ ನೋಡಿದರು. "ಆತು ಬಿಡ್ರಿ. ಕೈ ತಲಿತನಕ ಬರ್ಲಿಲ್ಲಂದ್ರ ತಲೀನ ಬಗ್ಗಿಸಿ ಕೈಗೆ ಒಯ್ತೀನಿ."

ಚೌಕಾಶಿ ಅಲ್ಲಿಗೆ ಮುಗಿಯಿತು. ಕೀಲು ಮುಂಬಯಿಯಿಂದ ಬಂದಾಗ ಡಾಕ್ಟರು ನಮಗೆ ತೋರಿಸಿದರು. ಹಾಲುಬಿಳುಪಿನ, ಎರಡು ಕಡೆ ಮೊಳೆಯಂಥ ಬಾಲವಿರುವ ಪುಟ್ಟ ತುಂಡು. ಅತ್ತೆ ಪೊಟ್ಟಣದ ಮೇಲಿಂದಲೇ ಅದಕ್ಕೆ "ಟಕ್ ಟಕ್" ಎಂದರು. ಪಾಪ, ಅದೂ ಚೆಂದವೇ ಇತ್ತು!

ಆಪರೇಷನ್ ದಿನ ಕೊರಳಿನ ಲಿಂಗವನ್ನು ಎಡ ರಟ್ಟೆಗೆ ಕಟ್ಟಿಸಿಕೊಂಡು ಅವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಮಾವ ಬೆಂಚಿನ ಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ರೊಟ್ಟಿ ಹೋಗ್ಲಿ ಬಿಡವಾ," ಎಂದರು ಕೊನೆಗೆ. "ದಿನಾ ಕಾರ್ಖಾನಿಗೆ ಹೋಗುಮುಂದ ನನ್ನ ದೃಷ್ಟಿ ತಗೀತಿದ್ಲು. ಈ ಮಾರಿಗೆ ಯಾರ ದೃಷ್ಟಿ ಆಗ್ತದ ಅಂತ ನಾ ಬೈತಿದ್ನಿ. ಈಗ ಎಷ್ಟೋ ವರ್ಷಾತು, ಬರೇ ಮಾರೀಲೆ ಹೊಂಟೀನಿ."

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದು, "ಕೀಲು ಛಲೋ ಕೂತದ್ರಿ," ಎಂದರು. ಮಾವ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಅದೇ ವೇಷದಲ್ಲಿ ಇಡೀ ಆಸ್ಪತ್ರೆಗೆ ಪೇಢೆ ಹಂಚಿದರು.

ಕೈ ಪ್ಲಾಸ್ಟರಿನಲ್ಲಿದ್ದ ದಿನಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಮಾವ ರೊಟ್ಟಿ ಬಡಿಯಲು ಕಲಿತರು. ಅತ್ತೆ ಮಣೆಯ ಮೇಲೆ ಕುಳಿತು ಮೇಲ್ವಿಚಾರಣೆ. ಮೊದಲ ರೊಟ್ಟಿ ಖಾನಾಪುರ ತಾಲೂಕಿನ ನಕಾಶೆಯಂತೆ ಹೆಂಚಿನ ಮೇಲೆ ಹರಡಿತು. ಅತ್ತೆ ಬಗ್ಗಿ ನೋಡಿದರು.

"ಇದರಾಗ ಬೀಡಿ ಎಲ್ಲಿ ಬರ್ತದ್ರಿ?"

"ಸೀದಿದ್ದು ಐತೆಲ್ಲ, ಅದ!"

ಪ್ಲಾಸ್ಟರು ಬಿಚ್ಚಿದ ಮೇಲೂ ಡಾಕ್ಟರು ಹೇಳಿದ ವ್ಯಾಯಾಮ ಮುಗಿಯುವವರೆಗೆ ಅತ್ತೆ ಯಾರ ಮುಖಕ್ಕೂ ಕೈ ಹಾಕಲಿಲ್ಲ. ನೋವಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೂಸನ್ನು ನೋಡುವಂತೆ ನೋಡುತ್ತಿದ್ದರು. ಖಾನಾಪುರಕ್ಕೆ ಹೊರಡುವ ದಿನ ಬಂತು. ಮಾವ ಟಾಂಗಾ ತರಲು ಹೋಗಿದ್ದರು. ನಾನು ಪಾಠ ಹೇಳಲು ಕಾಲೇಜಿಗೆ ಹೊರಟು ಪಡಸಾಲೆಗೆ ಬಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಗಳು ಎದ್ದವು. ಈ ಸಲ ನನಗೆ ನೀರಡಿಕೆಯಾಗಲಿಲ್ಲ.

ಅಂಗೈಗಳು ಹಣೆಯಿಂದ ಗಲ್ಲಕ್ಕೆ ಇಳಿದವು. ಬಲಗೈ ಬಗ್ಗಿತು, ಪೆನ್ಸಿಲಿನಷ್ಟೇ, ಅದಕ್ಕಿಂತ ಹೆಚ್ಚಲ್ಲ. ಉಳಿದಷ್ಟನ್ನು ಅತ್ತೆ ತಲೆ ಬಗ್ಗಿಸಿ ಕೂಡಿಸಿದರು. ಬೆರಳು ಕಣತಲೆಗೆ ಮುಟ್ಟಿದವು. ಸಪ್ಪಳ ಬರಲಿಲ್ಲ.

"ಮಗ್ಗದ ಗದ್ದಲದಾಗ ಕೇಳ್ಲಿಲ್ಲ ಅತ್ತಿ," ಎಂದೆ. ಓಣಿಯ ಕರೆಂಟು ಮಗ್ಗಗಳೆಲ್ಲ ಖಟಖಟ ಹೊಡೆದುಕೊಳ್ಳುತ್ತಿದ್ದವು. ನನ್ನ ಸುಳ್ಳಿಗೆ ಅಷ್ಟಾದರೂ ಆಸರೆ ಇತ್ತು.

ಅದೇ ಹೊತ್ತಿಗೆ ಕರೆಂಟು ಹೋಗಬೇಕೇ! ಇಡೀ ವಡಗಾವಿ ಒಮ್ಮೆಲೇ ಬಾಯಿ ಮುಚ್ಚಿತು. ಅತ್ತೆ ಬಿಡುವವರಲ್ಲ. ಮತ್ತೆ ಸವರಿದರು, ಮತ್ತೆ ತಲೆ ಬಗ್ಗಿಸಿದರು. ಆ ನಿಶ್ಶಬ್ದದಲ್ಲಿ ಬಲಗೈಯ ಒಂದು ಬೆರಳು, ಸಾಸಿವೆ ಸಿಡಿದಂತೆ, "ಟಕ್" ಎಂದಿತು.

"ಕೇಳ್ತೇನ? ಕೇಳ್ತಿಲ್ಲೋ?"

"ಕೇಳ್ತು ಅತ್ತಿ."

"ಒಂದ ಬಂತು. ನಿನ್ನ ಯಾರ್ ನೋಡ್ತಾರ, ಯಾವಾಗ್ಲೂ ಪುಸ್ತಕದಾಗ ಮಾರಿ ಹುಗದಿರ್ತಿ! ನಿನಗ ಒಂದ ಸಾಕು," ಎಂದು ನಗುತ್ತಲೇ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ನನ್ನ ಕೈಗಳು ಎದ್ದವು. ಇಷ್ಟು ಜನರ ದೃಷ್ಟಿ ತೆಗೆದ ಆ ಮುಖವನ್ನು ಹಣೆಯ ವಿಭೂತಿಯಿಂದ ಗಲ್ಲದವರೆಗೆ ಸವರಿ, ಬೆರಳುಗಳನ್ನು ನನ್ನ ಕಣತಲೆಗೆ ಒತ್ತಿದೆ. ಮಗ್ಗ ನಿಂತ ಓಣಿಯ ಉದ್ದಕ್ಕೂ ಕೇಳುವ ಹಾಗೆ ಅವು ಪಟಪಟನೆ ಮುರಿದವು.

ಅತ್ತೆ ಬಾಯಿ ತೆರೆದುಕೊಂಡು ನಿಂತರು.

"ಅಯ್ಯ ನಮ್ಮವ್ವಾ! ಇಷ್ಟ ದೃಷ್ಟಿ ಇತ್ತೇನ ನನಗ!"